ಕಸುಬಿನ ಕವಲು ಏಕೆ ಒಣಗಿತು?

ಪ್ರೌಢಶಾಲೆಯಲ್ಲಿ ಕಸುಬು ಕಲಿಸುವ ಯೋಚನೆ ಹೊಸದೇನಲ್ಲ. 1882ರ ಹಂಟರ್ ಆಯೋಗವೇ ಮೇಲಿನ ತರಗತಿಗಳನ್ನು ಎರಡು ಕವಲಾಗಿಸಲು ಹೇಳಿತ್ತು: ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಯುಲೇಷನ್‌ಗೆ, ಇನ್ನೊಂದು ವ್ಯಾಪಾರವೇ ಮೊದಲಾದ ಕೆಲಸಗಳಿಗೆ. ಎರಡನೆಯದಕ್ಕೆ ಸೇರಿದವರು ತೀರಾ ಕಡಿಮೆ. ಮೈಬಗ್ಗಿಸುವ ಕೆಲಸವೆಂದರೆ ನಮ್ಮವರಿಗೆ ತಾತ್ಸಾರ, ಅದೇ ಕಾರಣ ಎನ್ನುವವರಿದ್ದಾರೆ. ಜಾತಿಯ ಸಮಾಜದಲ್ಲಿ ಆ ತಾತ್ಸಾರ ಇದ್ದದ್ದು ನಿಜ; ಮುಚ್ಚಿಡಬಾರದು. ಆದರೆ ನೌಕರಿಗೂ ಕಾಲೇಜಿಗೂ ಮೆಟ್ರಿಕ್ಯುಲೇಷನ್ನೇ ರಹದಾರಿಯಾಗಿದ್ದಾಗ, ಅದಿಲ್ಲದ ಕವಲಿಗೆ ಯಾವ ತಂದೆತಾಯಿ ಮಗನನ್ನು ಕಳಿಸಿಯಾರು?

1952-53ರ ಮುದಲಿಯಾರ್ ಆಯೋಗ ಕೃಷಿ, ತಾಂತ್ರಿಕ, ವಾಣಿಜ್ಯ, ಗೃಹವಿಜ್ಞಾನಗಳನ್ನೆಲ್ಲ ಒಂದೇ ಸೂರಿನಡಿ ತರುವ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಹುಡುಗ ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದು, ಅರದಿಂದ ಉಜ್ಜಿ, ಮೂಲೆಮಟ್ಟ ಹಿಡಿದು ನೋಡುವಷ್ಟು ಕಲಿತರೂ ಆ ಕಲಿಕೆಗೆ ಮುಂದಿನ ಮೆಟ್ಟಿಲು ಗಟ್ಟಿಯಾಗಿರಲಿಲ್ಲ. 1986ರ ಶಿಕ್ಷಣ ನೀತಿ ಹೈಯರ್ ಸೆಕೆಂಡರಿಯ ಶೇ. 25 ಮಕ್ಕಳನ್ನು 1995ರೊಳಗೆ ವೃತ್ತಿಶಿಕ್ಷಣಕ್ಕೆ ತರುವ ಗುರಿ ಇಟ್ಟಿತು. 1992ರಲ್ಲೇ ಗಡುವನ್ನು 2000ಕ್ಕೆ ದೂಡಬೇಕಾಯಿತು. ಉಪಕರಣ, ಶಿಕ್ಷಕರ ಕೊರತೆ ಇತ್ತು, ಒಪ್ಪೋಣ. ಆದರೆ ತಾತ್ಸಾರ, ಕೊರತೆಗಳೇ ಮುಖ್ಯ ಕಾರಣವಾಗಿದ್ದರೆ ಎಂಜಿನಿಯರಿಂಗ್ ಕಾಲೇಜುಗಳ ಮುಂದೆ ಅಷ್ಟು ನೂಕುನುಗ್ಗಲು ಇರುತ್ತಿರಲಿಲ್ಲ. ವರ್ಕ್‌ಶಾಪಿನ ಗ್ರೀಸು ಅಲ್ಲೂ ಕೈಗೆ ಹತ್ತುತ್ತದೆ. ಜೊತೆಗೆ ಪದವಿಯೂ ಸಿಗುತ್ತದೆ.