ಗಣಿಯ ನೀರೂ ಕಾರ್ನ್‌ವಾಲಿನ ಯಂತ್ರವೂ

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ನೆಲದೊಳಗೆ ತವರವೂ ತಾಮ್ರವೂ ಹೇರಳವಾಗಿದ್ದುವು; ಕಲ್ಲಿದ್ದಲು ಮಾತ್ರ ಇರಲಿಲ್ಲ. ಗಣಿಯು ಆಳವಾದಂತೆಲ್ಲ ಒಸರುವ ನೀರು ಹೆಚ್ಚುವುದು. ಅದನ್ನೆತ್ತುವ ಉಗಿಯಂತ್ರಕ್ಕೆ ಬೇಕಾದ ಇದ್ದಲನ್ನು ವೇಲ್ಸ್ ದೇಶದಿಂದ ಹಡಗುಗಳಲ್ಲಿ ತರಿಸಬೇಕಾಗಿತ್ತು. ಆದಕಾರಣ ಇದ್ದಲನ್ನು ಉಳಿಸುವ ಯಂತ್ರವಿಲ್ಲದೆ ಆಳವಾದ ಗಣಿಗೆ ಉಳಿವಿರಲಿಲ್ಲ.

ಜೇಮ್ಸ್ ವಾಟನು ೧೭೬೯ರಲ್ಲಿ ಪಡೆದ ಪೇಟೆಂಟು ೧೮೦೦ರವರೆಗೆ ನಡೆಯಿತು. ಅವನ ಯಂತ್ರವನ್ನು ಬಳಸಿದವರು, ಅದರಿಂದ ಉಳಿದ ಇದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ಅವನಿಗೂ ಅವನ ಪಾಲುಗಾರನಾದ ಬೌಲ್ಟನನಿಗೂ ತೆರುತ್ತಿದ್ದರು. ಆ ಹಕ್ಕು ತೀರಿದ ಮೇಲೆ ಮೇಲ್ವಿಚಾರಣೆಯು ಸಡಿಲವಾಗಿ, ಯಂತ್ರಗಳ ಕೆಲಸ ಕುಂದಿತು. ಆಗ ಗಣಿಯವರು ಒಂದು ಉಪಾಯವನ್ನು ಹೂಡಿದರು. ಒಂದು ಬುಷೆಲ್ ಇದ್ದಲಿಗೆ ಯಾವ ಯಂತ್ರವು ಎಷ್ಟು ಪೌಂಡು ನೀರನ್ನು ಒಂದಡಿ ಎತ್ತಿತೆಂಬುದನ್ನು ಜೋಯೆಲ್ ಲೀನ್ ಎಂಬವನ ಮೂಲಕ ಅಳೆಯಿಸಿ, ೧೮೧೧ರಿಂದ ತಿಂಗಳು ತಿಂಗಳೂ ಪ್ರಕಟಿಸತೊಡಗಿದರು. ಒಬ್ಬನ ಯಂತ್ರದ ಗುಣದೋಷಗಳು ಎಲ್ಲರಿಗೂ ತಿಳಿಯುವಂತಾದುವು.

ಮರುವರ್ಷವೇ ರಿಚರ್ಡ್ ಟ್ರೆವಿಥಿಕ್ಕನು ವ್ಹೀಲ್ ಪ್ರಾಸ್ಪರ್ ಗಣಿಯಲ್ಲಿ ಹೆಚ್ಚಿನ ಒತ್ತಡದ ಉಗಿಯಿಂದ ನಡೆಯುವ ಯಂತ್ರವನ್ನು ನಿಲ್ಲಿಸಿದನು. ಮುಂದೆ 'ಕಾರ್ನಿಷ್ ಯಂತ್ರ'ವೆಂದು ಹೆಸರಾದ ಈ ಬಗೆಯ ರಚನೆಯನ್ನು ನಮ್ಮ ಏತವನ್ನು ಕಂಡವರು ಸುಲಭವಾಗಿ ಅರಿಯಬಹುದು. ದೊಡ್ಡದೊಂದು ತೊಲೆಯು ನಡುವಿನ ಆನಿಕೆಯ ಮೇಲೆ ತೂಗುವುದು. ಅದರ ಒಂದು ತುದಿಗೆ ಸಿಲಿಂಡರಿನೊಳಗಿನ ಪಿಸ್ಟನ್. ಇನ್ನೊಂದಕ್ಕೆ ಗಣಿಯಾಳಕ್ಕೆ ಇಳಿದಿರುವ ಭಾರವಾದ ಮರದ ದಂಡ. ಉಗಿಯು ಪಿಸ್ಟನನ್ನು ಕೆಳಕ್ಕೆ ತಳ್ಳಿ ದಂಡವನ್ನು ಮೇಲೆತ್ತುವುದು. ಬಳಿಕ ದಂಡವು ತನ್ನ ತೂಕದಿಂದಲೇ ಇಳಿಯುತ್ತ ನೀರನ್ನು ಕೊಳವೆಯೊಳಗೆ ಮೇಲಕ್ಕೆ ದಬ್ಬುವುದು. ಏತದಲ್ಲಿ ಮನುಷ್ಯನ ಭಾರವು ಮಾಡುವ ಕೆಲಸವನ್ನು ಇಲ್ಲಿ ದಂಡದ ಭಾರವು ಮಾಡುವುದು. ಇದಲ್ಲದೆ, ಪಿಸ್ಟನ್ ಸ್ವಲ್ಪ ದೂರ ಇಳಿದೊಡನೆಯೇ ಉಗಿಯ ದ್ವಾರವು ಮುಚ್ಚಿಕೊಳ್ಳುವುದು. ಒಳಗೆ ಸಿಕ್ಕಿದ ಉಗಿಯು ಹಿಗ್ಗುತ್ತ ಉಳಿದ ದೂರವನ್ನು ಪೂರೈಸುವುದು. ಉಳಿತಾಯದ ಮುಖ್ಯ ಮರ್ಮವು ಇದೇ.

ವಾಟನ ಕಾಲದ ಒಳ್ಳೆಯ ಯಂತ್ರವು ಒಂದು ಬುಷೆಲ್ ಇದ್ದಲಿಗೆ ಸುಮಾರು ಎರಡು ಕೋಟಿ ಪೌಂಡು ನೀರನ್ನು ಒಂದಡಿ ಎತ್ತುತ್ತಿತ್ತು. ಫೋಯ್ ಕನ್ಸೋಲ್ಸ್ ಗಣಿಯಲ್ಲಿ ವಿಲಿಯಂ ವೆಸ್ಟನು ನಿರ್ಮಿಸಿದ ಯಂತ್ರವು ೧೮೩೫ರ ಪರೀಕ್ಷೆಯಲ್ಲಿ ಹನ್ನೆರಡೂವರೆ ಕೋಟಿಯನ್ನು ಮುಟ್ಟಿತು. ಇದು ಒಬ್ಬನ ಪ್ರತಿಭೆಯ ಫಲವಲ್ಲ. ಹಲವರು ಒಬ್ಬರ ಕೆಲಸವನ್ನೊಬ್ಬರು ನೋಡಿ ತಿದ್ದಿಕೊಂಡುದರ ಫಲ. ಶಾಸ್ತ್ರವು ವಾಕ್ಯಾರ್ಥಸಭೆಯಲ್ಲಿ ಬೆಳೆದಂತೆ ಈ ವಿದ್ಯೆಯು ಆ ಮಾಸಪತ್ರಿಕೆಯಲ್ಲಿ ಬೆಳೆಯಿತೆನ್ನಬಹುದು.

ಆದರೆ ತನ್ನ ೧೮೧೨ರ ಯಂತ್ರಕ್ಕೆ ಪೇಟೆಂಟನ್ನೇ ತೆಗೆದುಕೊಳ್ಳದಿದ್ದ ಟ್ರೆವಿಥಿಕ್ಕನು ೧೮೩೩ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ವಿದ್ಯೆಯನ್ನು ಬಯಲಿಗಿಟ್ಟುದರಿಂದ ಗಣಿಗಳು ಬದುಕಿದುವು. ಇಟ್ಟವನ ಋಣವು ಮಾತ್ರ ತೀರದೆ ಉಳಿಯಿತು. ವಿದ್ಯೆಯು ಎಲ್ಲರ ಸೊತ್ತಾಗಬೇಕೆಂದು ಬಯಸುವ ಸಮಾಜವು ಅದನ್ನಿತ್ತವರ ಯೋಗಕ್ಷೇಮವನ್ನೂ ತನ್ನ ಹೊಣೆಯೆಂದು ತಿಳಿಯಬೇಡವೆ?