ಸವಳು-ಜವಳು ಭೂಮಿಯ ಮೀನುಹೊಂಡ: ನೀರು ಪರೀಕ್ಷಾ ಕಿಟ್‌ಗಳ ಆಯ್ಕೆ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳ ನಾರಾಯಣಪುರ ಎಡದಂಡೆ ಕಾಲುವೆ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಕಪ್ಪು ಭೂಮಿಯನ್ನು ಮೀನುಹೊಂಡವಾಗಿ ಪರಿವರ್ತಿಸುವ ರೈತರು ಮರಿ ಬಿತ್ತನೆಗೆ ಮುನ್ನವೇ ನೀರನ್ನು ಪರೀಕ್ಷಿಸತಕ್ಕದ್ದು.

ಮೊದಲು ವಿದ್ಯುತ್ ವಾಹಕತೆ ಮಾಪಕವನ್ನು ಕೊಳ್ಳಬೇಕು. 1 ಡೆಸಿಸೀಮನ್ಸ್/ಮೀ. ಎಂದರೆ ಲೀಟರಿಗೆ ಸುಮಾರು 640 ಮಿ.ಗ್ರಾಂ. ಲವಣ. ರಸಸಾರಕ್ಕೆ ಕಾಗದದ ಪಟ್ಟಿ ಅಗ್ಗವಾದರೂ ಸಾಲದು. ದ್ರಾವಣದ ಕಿಟ್ ಲೇಸು. ಹಗಲಿನಲ್ಲಿ ಪಾಚಿಯಿಂದ ರಸಸಾರ ಏರುವುದರಿಂದ ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಅಳೆಯಬೇಕು.

ಅಮೋನಿಯ ಕಿಟ್‌ನಲ್ಲಿಯೇ ಹೆಚ್ಚಿನ ಎಚ್ಚರ ಅಗತ್ಯ. ನೆಸ್ಲರ್ ದ್ರಾವಣವು ಗಡಸು, ಲವಣಯುಕ್ತ ನೀರಿನಲ್ಲಿ ಕದಡಿ ತಪ್ಪು ಬಣ್ಣ ತೋರಬಹುದು. ಅದರಲ್ಲಿ ಪಾದರಸವೂ ಇದೆ. ಆದ್ದರಿಂದ ಸ್ಯಾಲಿಸಿಲೇಟ್ ಆಧಾರಿತ ಕಿಟ್ ಆರಿಸಿರಿ. ರಸಸಾರ 7ರಿಂದ 8ಕ್ಕೇರಿದರೆ ವಿಷಕಾರಿ ಅಮೋನಿಯದ ಪಾಲು ಸುಮಾರು ಒಂಬತ್ತು ಪಟ್ಟಾಗುತ್ತದೆ. ಎರಡನ್ನೂ ಒಟ್ಟಿಗೇ ಓದಬೇಕು. ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುನ್ನ ಅಳೆಯಿರಿ. ಲೀಟರಿಗೆ 5 ಮಿ.ಗ್ರಾಂ. ಇರುವುದು ಉತ್ತಮ.

ಅವಧಿ ಮೀರಿದ ದ್ರಾವಣವನ್ನು ಬಳಸಬಾರದು.