ಡೇರೆಯ ಪ್ರವಾಸ: ಉಲುರುವಿನಿಂದ ಕಾಕನಕೋಟೆಗೆ

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೊರಟರೆ ದಾರಿಯಲ್ಲಿ ಬಾಳೂರು ಸಿಗುತ್ತದೆ. ಎಡಬಲಗಳಲ್ಲಿ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಲ್ಲಲ್ಲಿ ಹೋಂಸ್ಟೇ ಫಲಕಗಳು. ರಜೆಯ ದಿನಗಳಲ್ಲಿ ಈ ಮಲೆನಾಡಿನ ತೋಟಗಳ ಅಂಗಳದಲ್ಲಿ ನೀವು ಡೇರೆಗಳನ್ನೂ ಕಾಣಬಹುದು. ಡೇರೆಯೊಳಗೆ ಮಂಚ, ಹಾಸಿಗೆ, ವಿದ್ಯುದ್ದೀಪ. ಹೊರಗೆ ಬೆಂಕಿಯ ಸುತ್ತ ಕುರ್ಚಿಗಳು. ಇದೇ ಮೂಡಿಗೆರೆಯ ಸೀಮೆಯಲ್ಲಿ ಹಸಲರಿದ್ದಾರೆ, ಕುದುರೆಮುಖದ ಸುತ್ತಿನ ಕಾಡುಗಳಲ್ಲಿ ಮಲೆಕುಡಿಯರಿದ್ದಾರೆ. ಬೆಂಕಿಯ ಸುತ್ತ ಕುಳಿತ ಅತಿಥಿಗೆ ಅವರ ಪರಿಚಯವಾಗುವುದು, ಆದರೆ, ಬೆಳಿಗ್ಗೆ ಹಣ್ಣು ಕೊಯ್ಯಲು ಬಂದ ಆಳುಗಳಾಗಿ ಮಾತ್ರ. ಅದೂ ಆದರೆ ಆಯಿತು.

ಎಲ್ಲ ಸೌಕರ್ಯಗಳಿರುವ ಡೇರೆಯಲ್ಲಿ ಮಲಗುವುದು, ಹಗಲಲ್ಲಿ ಆ ನೆಲದ ಮೂಲನಿವಾಸಿಗಳ ಬದುಕನ್ನು ನೋಡುವುದು ಇಂದು ಜಗತ್ತಿನಾದ್ಯಂತ ದೊಡ್ಡ ಉದ್ಯಮ. ಇದು ಹೊಸದೆಂದು ನೀವು ಭಾವಿಸಿದ್ದರೆ ಅದು ಸರಿಯಲ್ಲ. ಇದಕ್ಕೆ ನೂರೈವತ್ತು ವರ್ಷಗಳ ಚರಿತ್ರೆಯುಂಟು, ಮತ್ತು ಅದರ ಒಂದು ಅಧ್ಯಾಯ ನಮ್ಮ ಕಬಿನಿಯ ದಂಡೆಯಲ್ಲೇ ನಡೆದಿದೆ. ಡೇರೆ ಹಾಕಿದವನು ಯಾರ ಅಪ್ಪಣೆ ಕೇಳಿದ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಆ ಚರಿತ್ರೆಯನ್ನು ನೋಡೋಣ. ಮೊದಲು ದೂರದ ಮರುಭೂಮಿಗೆ ಹೋಗಿ, ಅಲ್ಲಿಂದ ಮನೆಗೆ ಮರಳೋಣ.

ಆಸ್ಟ್ರೇಲಿಯ ಖಂಡದ ನಡುವಿನ ಕೆಂಪು ಮರಳುನೆಲದಲ್ಲಿ ಉಲುರು ಎಂಬ ಏಕಶಿಲೆಯ ಬೆಟ್ಟವಿದೆ. ಸುತ್ತಲಿನ ಬಯಲಿನಿಂದ ಅದು 348 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ; ಬುಡದ ಸುತ್ತಳತೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು. ಅನಂಗು ಜನರಿಗೆ ಅದು ಕೇವಲ ಕಲ್ಲಲ್ಲ. ಪೂರ್ವಜರು ನಡೆದ ಹೆಜ್ಜೆ, ಕಾದಾಡಿದ ಗುರುತು, ವಿಶ್ರಮಿಸಿದ ಗುಹೆ ಎಲ್ಲವೂ ಆ ಬಂಡೆಯ ಮೈಮೇಲಿವೆ. ಹೀಗೆ ಬದುಕಬೇಕೆಂಬ ಕಟ್ಟಳೆಯನ್ನೂ ಅದು ಹೇಳುತ್ತದೆ. ಆ ಕಟ್ಟಳೆಗೆ ಅವರು ಜುಕುರ್ಪ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ದೇವರ ಕಾಡಿನ ಮರ ಕಡಿಯಬಾರದೆಂಬ ನಿಯಮವಿದೆಯಲ್ಲ, ಅದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು.

1873ರ ಜುಲೈಯಲ್ಲಿ ವಿಲಿಯಂ ಗಾಸ್ ಎಂಬ ಮೋಜಣಿದಾರ ಅಲ್ಲಿಗೆ ತಲುಪಿದ. ಅದಕ್ಕೆ ಸಾವಿರಾರು ವರ್ಷಗಳಿಂದ ಹೆಸರಿತ್ತೆಂಬುದನ್ನು ಲೆಕ್ಕಿಸದೆ, ಆಗಿನ ದಕ್ಷಿಣ ಆಸ್ಟ್ರೇಲಿಯದ ರಾಜಕಾರಣಿ ಹೆನ್ರಿ ಏಯರ್ಸನ ಹೆಸರಿಟ್ಟ. ಗಾಸ್ ಬಂಡೆಯನ್ನು ಏರಿದಾಗ ಅವನ ಜೊತೆಗಿದ್ದವನು ಕಮ್ರಾನ್ ಎಂಬ ಒಂಟೆಯಾಳು. ಮರುಭೂಮಿಯ ಪ್ರಯಾಣಕ್ಕೆ ಕುದುರೆ ಸಾಲದೆಂದು ತಿಳಿದ ಬ್ರಿಟಿಷರು ನಮ್ಮ ಉಪಖಂಡದಿಂದ ಒಂಟೆಗಳನ್ನೂ ಅವುಗಳನ್ನು ಬಲ್ಲ ಜನರನ್ನೂ ಕರೆಸಿಕೊಂಡಿದ್ದರು. 1860ರಲ್ಲಿ ಬರ್ಕ್ ಮತ್ತು ವಿಲ್ಸ್‌ರ ಯಾತ್ರೆಗೆಂದು ಕರಾಚಿಯಿಂದ ಹಡಗೇರಿದ ಒಂಟೆಗಳೇ ಈ ಸಂಪ್ರದಾಯಕ್ಕೆ ನಾಂದಿ. ಅವುಗಳೊಂದಿಗೆ ಹೋದವರು ಬೇರೆ ಬೇರೆ ಸೀಮೆಗಳವರಾಗಿದ್ದರೂ ಎಲ್ಲರಿಗೂ ಅಲ್ಲಿ ಬಿದ್ದ ಹೆಸರು ಆಫ್ಘನ್ನರು ಎಂದು. ಇಂದು ಆ ಖಂಡವನ್ನು ಉತ್ತರ ದಕ್ಷಿಣವಾಗಿ ದಾಟುವ ಐಷಾರಾಮಿ ರೈಲಿಗೆ ಘಾನ್ ಎಂಬ ಹೆಸರಿರುವುದು ಅವರ ನೆನಪಿಗೇ. ದಾರಿ ತೋರಿದವನು, ಭಾರ ಹೊತ್ತವನು ಚರಿತ್ರೆಯ ಪುಟದಲ್ಲಿ ಎಷ್ಟು ಸಣ್ಣ ಅಕ್ಷರದಲ್ಲಿ ಉಳಿಯುತ್ತಾನೆ ನೋಡಿ!

ಇಪ್ಪತ್ತನೆಯ ಶತಮಾನದ ನಡುವಿಗೆ ಉಲುರು ಪ್ರವಾಸಿಗಳ ತಾಣವಾಯಿತು. ಮೂಲನಿವಾಸಿಗಳಿಗೆಂದು ಕಾದಿರಿಸಿದ್ದ ಪ್ರದೇಶದಿಂದ 1958ರಲ್ಲಿ ಅದನ್ನು ಬೇರ್ಪಡಿಸಿ ಉದ್ಯಾನವನ್ನಾಗಿಸಿದರು. ಬಂಡೆಯ ಬುಡದಲ್ಲೇ ವಸತಿಗೃಹಗಳೆದ್ದವು. ಹತ್ತುವವರ ಅನುಕೂಲಕ್ಕೆಂದು 1964ರಲ್ಲಿ ಬಂಡೆಗೆ ಕಬ್ಬಿಣದ ಸರಪಳಿ ಜಡಿದರು. ಆ ಏರುದಾರಿ ಅನಂಗು ಜನರ ಪೂರ್ವಜರು ನಡೆದ ಪವಿತ್ರ ದಾರಿಯಾಗಿತ್ತು. ಹತ್ತಲು ಹೋಗಿ ಸತ್ತವರ ಸಂಖ್ಯೆ ಮೂವತ್ತೈದನ್ನು ಮೀರಿದೆ. ತಮ್ಮ ಮನೆಯಂಗಳದಲ್ಲಿ ಅತಿಥಿ ಸತ್ತನೆಂಬ ದುಃಖ ಅನಂಗುಗಳದಾಯಿತು. ಬೇಡವೆನ್ನುವ ಅಧಿಕಾರ ಮಾತ್ರ ಅವರದಾಗಿರಲಿಲ್ಲ.

1985ರ ಅಕ್ಟೋಬರ್ 26ರಂದು ಆಸ್ಟ್ರೇಲಿಯ ಸರಕಾರ ಆ ನೆಲದ ಹಕ್ಕುಪತ್ರವನ್ನು ಅನಂಗುಗಳಿಗೆ ಹಿಂದಿರುಗಿಸಿತು. ಅವರು ಅದನ್ನು 99 ವರ್ಷಗಳ ಅವಧಿಗೆ ಸರಕಾರಕ್ಕೇ ಗೇಣಿಗೆ ಕೊಟ್ಟರು. ಉದ್ಯಾನದ ಆಡಳಿತ ಮಂಡಲಿಯಲ್ಲಿ ಬಹುಮತ ಅನಂಗುಗಳದಾಯಿತು, ಆದಾಯದಲ್ಲಿ ಅವರಿಗೂ ಪಾಲು ಬಂತು. ಆದರೂ ಅವರು ಮರುದಿನವೇ ಸರಪಳಿ ಕೀಳಿಸಲಿಲ್ಲ. ದಯವಿಟ್ಟು ಹತ್ತಬೇಡಿ ಎಂದು ಫಲಕ ಹಾಕಿ, ವರ್ಷಗಟ್ಟಲೆ ಕಾದರು. 2017ರಲ್ಲಿ ಮಂಡಲಿ ಒಮ್ಮತದಿಂದ ತೀರ್ಮಾನಿಸಿತು; 2019ರ ಅಕ್ಟೋಬರ್ 26ರಂದು, ಹಕ್ಕುಪತ್ರ ಬಂದ ದಿನದ ವಾರ್ಷಿಕದಂದೇ, ಏರುದಾರಿ ಮುಚ್ಚಿತು. ಇಂದು ಉದ್ಯಾನದ ಹೊರಗೆ, ಬಂಡೆ ಕಾಣುವ ಮರಳುದಿಬ್ಬಗಳ ಮೇಲೆ, ದುಬಾರಿ ಬಾಡಿಗೆಯ ಡೇರೆಗಳಿವೆ. ಅಲ್ಲಿ ಮಲಗಿದ ಶ್ರೀಮಂತ ಬೆಳಿಗ್ಗೆ ಬಂಡೆಯ ಸುತ್ತ ನಡೆಯಬಹುದು, ಹತ್ತುವಂತಿಲ್ಲ. ಅನಂಗು ಮಾರ್ಗದರ್ಶಿ ಯಾವ ಕಥೆ ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದನ್ನೂ ಅವರ ಕಟ್ಟಳೆಯೇ ನಿರ್ಧರಿಸುತ್ತದೆ. ಎಲ್ಲವೂ ಸರಿಹೋಯಿತೆಂದು ಇದರ ಅರ್ಥವಲ್ಲ. ಆ ಜನರ ಬಡತನ ಡೇರೆಗಳಿಂದ ನೀಗಿಲ್ಲ. ಆದರೆ ಯಜಮಾನ ಯಾರೆಂಬುದರಲ್ಲಿ ಈಗ ಗೊಂದಲವಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಗಾಸ್ ಉಲುರುವನ್ನೇರಿದ ಮರುವರ್ಷ, 1874ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿದ. ಮುಂದೆ ಖೆಡ್ಡಾಕ್ಕೆ ಪ್ರಸಿದ್ಧವಾದದ್ದು ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡು. ಆ ಹೆಸರನ್ನು ಕಾಕ ಎಂಬ ಕಾಡುಕುರುಬರ ಯಜಮಾನನೊಂದಿಗೆ ಜನ ಜೋಡಿಸುತ್ತಾರೆ. ಮಾಸ್ತಿಯವರ ನಾಟಕದಿಂದ ನಿಮಗೆ ಆ ಕಥೆ ತಿಳಿದಿರಬಹುದು. ಆನೆಗಳನ್ನು ಕಬಿನಿ ಹೊಳೆಗೆ ಇಳಿಸಿ, ಈಜಿಸಿ, ಎದುರು ದಡದ ದೊಡ್ಡಿಗೆ ಅಟ್ಟುವ ಆ ನೋಟವನ್ನು ಕಾಣಲು ವೈಸರಾಯರೂ ರಾಜಮನೆತನದವರೂ ಬರುತ್ತಿದ್ದರು. ಅವರಿಗಾಗಿ ಕಾಡಿನಲ್ಲಿ ಡೇರೆಗಳ ಒಂದು ಊರೇ ಏಳುತ್ತಿತ್ತು. ಮರಳಿನ ಬದಲು ಬಿದಿರು ಎಂಬುದನ್ನು ಬಿಟ್ಟರೆ, ಐಷಾರಾಮಿ ಬಿಡಾರದ ಎಲ್ಲ ಲಕ್ಷಣಗಳೂ ಅಲ್ಲಿದ್ದವು.

ಆನೆಯ ಜಾಡು ಹಿಡಿದವರು, ಹಿಂಡನ್ನು ಅಟ್ಟಿದವರು, ಹಿಡಿದ ಆನೆಯನ್ನು ಪಳಗಿಸಿದವರು ಮಾತ್ರ ಜೇನುಕುರುಬರು ಮತ್ತು ಬೆಟ್ಟಕುರುಬರು. ಮೈಸೂರು ದಸರೆಯಲ್ಲಿ ಅಂಬಾರಿಯ ಆನೆಯ ಕುತ್ತಿಗೆಯ ಮೇಲೆ ಕುಳಿತವರನ್ನು ನೋಡಿ: ಮಾವುತರಲ್ಲಿ, ಕಾವಾಡಿಗಳಲ್ಲಿ ಹೆಚ್ಚಿನವರು ಇಂದಿಗೂ ಇದೇ ಹಾಡಿಗಳಿಂದ ಬಂದವರು. ಅವರ ವಿದ್ಯೆಯಿಲ್ಲದೆ ಖೆಡ್ಡಾ ಇಲ್ಲ. ಖೆಡ್ಡಾದ ಕೀರ್ತಿಯಲ್ಲಿ ಅವರ ಹೆಸರುಗಳೂ ಇಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿಗೆ ಅಣೆಕಟ್ಟು ಬಂದು ಕಾಡಿನ ಆ ಭಾಗ ನೀರಿನಡಿ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಾಡಿಗೆ ಹೊಸ ಗಡಿ, ಹೊಸ ಕಾವಲು ಬಂದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಜೇನು ಇಳಿಸುವುದು, ಗೆಡ್ಡೆ ಅಗೆಯುವುದು, ರಾಗಿ ಬೆಳೆಯುವುದು ಹಾಡಿಯ ಜನರಿಗೆ ಅಪರಾಧವಾದವು. ಸಾವಿರಾರು ಕುಟುಂಬಗಳು ಕಾಡಿನಿಂದ ಹೊರಬಿದ್ದು, ಹಲವರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದರು. ಇತ್ತ 1980ರಲ್ಲಿ ರಾಜ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿ, ಕಾರಾಪುರದಲ್ಲಿ ಮಹಾರಾಜರ ಕಾಲದ ಬಂಗಲೆಗಳ ಬಳಿ ಪ್ರವಾಸಿ ವಸತಿ ಆರಂಭಿಸಿತು.

ಆಮೇಲೆ ಮೂರ್ಕಲ್ಲಿನ ಪ್ರಕರಣ ಬಂತು. 1990ರ ದಶಕದ ನಡುವಿನಲ್ಲಿ ನಾಗರಹೊಳೆ ಉದ್ಯಾನದ ಒಳಗಿನ ಮೂರ್ಕಲ್ಲಿನಲ್ಲಿದ್ದ ಸರಕಾರಿ ಕಟ್ಟಡಗಳನ್ನು ತಾಜ್ ಹೋಟೆಲ್ ಸಮೂಹದ ಒಂದು ಕಂಪೆನಿಗೆ ದೀರ್ಘಾವಧಿಗೆ ವಹಿಸಲಾಯಿತು. ಹುಲ್ಲಿನ ಗುಡಿಸಲಿಗೆ ಹೊಸ ಸೂರು ಹೊದಿಸಲು ಬಿಡದ ಕಾಡಿನಲ್ಲಿ ಹೋಟೆಲಿಗೆ ಜಾಗ ಸಿಕ್ಕಿದ್ದನ್ನು ಕಂಡು ಹಾಡಿಗಳ ಜನ 1996ರಲ್ಲಿ ಪ್ರತಿಭಟನೆಗೆ ಇಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಕಾಡಿನ ಜಾಗವನ್ನು ಹೀಗೆ ವಹಿಸಿದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪು ಬಂತು. ಹೋಟೆಲು ತೆರೆಯಲಿಲ್ಲ.

ಈ ಗೆಲುವನ್ನು ನೀವು ಸ್ವಲ್ಪ ಎಚ್ಚರದಿಂದ ಓದಬೇಕು. ತೀರ್ಪು ನಿಂತದ್ದು ಕಾಡನ್ನು ಕಾಯುವ ಕಾನೂನಿನ ಮೇಲೆ. ಈ ನೆಲ ಜೇನುಕುರುಬರದು ಎಂಬ ಮಾತಿನ ಮೇಲಲ್ಲ. ಹೋಟೆಲನ್ನು ತಡೆದ ಕಾನೂನಿನ ಬಗೆಯೇ ಹಾಡಿಯನ್ನೂ ಅಂಚಿಗೆ ತಳ್ಳುತ್ತಿತ್ತು. ಮೂರ್ಕಲ್ಲಿನಲ್ಲಿ ಅತಿಥಿ ಹೊರಗುಳಿದ, ಮನೆಯವನಿಗೂ ಮನೆ ಸಿಗಲಿಲ್ಲ. ಉಲುರುವಿಗೂ ನಾಗರಹೊಳೆಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಆ ಕೊರತೆಯನ್ನು ತುಂಬಲು ಬಂದದ್ದು 2006ರ ಅರಣ್ಯ ಹಕ್ಕುಗಳ ಕಾಯ್ದೆ. ಕಾಡಿನಲ್ಲಿ ಬದುಕಿದವರ ಹಕ್ಕನ್ನು ಪಾರ್ಲಿಮೆಂಟು ಬಾಯಿಬಿಟ್ಟು ಒಪ್ಪಿಕೊಂಡಿತು. ಹಕ್ಕಿನ ಅರ್ಜಿ ಮೊದಲು ಪರಿಶೀಲನೆಗೆ ಬರುವುದು ಗ್ರಾಮಸಭೆಯಲ್ಲಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ನಾಗರಹೊಳೆಯಲ್ಲಿ ಹಾಗಾಗಲಿಲ್ಲ. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ತೋಟದ ಲೈನ್‌ಗಳನ್ನು ಬಿಟ್ಟು, ತಮ್ಮ ಹಿರಿಯರ ಕರಡಿಕಲ್ಲು ಹಾಡಿಯ ಜಾಗಕ್ಕೆ ನಡೆದು ಹೋದವು. ಅವರು ಹೂಡಿದ್ದೂ ಬಿಡಾರವನ್ನೇ: ಬಿದಿರಿನ ಕಂಬ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಅರಣ್ಯ ಇಲಾಖೆಯವರು ಬಂದು ಅದನ್ನು ತೆರವು ಮಾಡಲು ಹೇಳಿದರು.

ಮುಂದಿನ ಸಲ ಕಳಸದ ದಾರಿಯಲ್ಲಿ ನೀವು ಬಾಳೂರಿನ ಆಸುಪಾಸಿನಲ್ಲಿ ತಂಗಿದರೆ, ಎದುರಿನ ಗುಡ್ಡದ ಹೆಸರೇನೆಂದು ಹೋಂಸ್ಟೇಯ ಯಜಮಾನರನ್ನು ಕೇಳಿ. ತೋಟದ ಕೆಲಸಕ್ಕೆ ಬಂದ ಹಸಲರ ಅಜ್ಜಿ ಸಿಕ್ಕರೆ, ಅವರನ್ನೂ ಅದನ್ನೇ ಕೇಳಿ ನೋಡಿ.